ಸುಪೀರಿಯರ್ ದಂಡೆಯ ಬಿಯರ್: ಡುಲೂತ್‌ನಿಂದ ಗ್ರ್ಯಾಂಡ್ ಮರೇವರೆಗೆ

ಮಿನೆಸೋಟಾದಲ್ಲಿರುವ ಕನ್ನಡದವರು ಬೇಸಿಗೆ ಬಂತೆಂದರೆ ಕೇಳುವ ಪ್ರಶ್ನೆ ಒಂದೇ. ‘ನಾರ್ತ್ ಶೋರ್‌ಗೆ ಹೋಗ್ತಿದ್ದೀವಿ, ಎಲ್ಲೆಲ್ಲಿ ನಿಲ್ಲಬೇಕು?’ ನಾರ್ತ್ ಶೋರ್ ಅಂದರೆ ಲೇಕ್ ಸುಪೀರಿಯರ್‌ನ ಉತ್ತರ ದಂಡೆ. ಜಲಪಾತಗಳ ಪಟ್ಟಿ ಎಲ್ಲರ ಹತ್ತಿರವೂ ಇದೆ. ಲೈಟ್‌ಹೌಸ್ ಫೋಟೊ ಎಲ್ಲರ ಫೋನಿನಲ್ಲೂ ಇದೆ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, ‘ಅಲ್ಲಿ ಬಿಯರ್ ಚೆನ್ನಾಗಿರುತ್ತಂತೆ, ಅಲ್ವಾ?’ ಅಂತಾರೆ. ಚೆನ್ನಾಗಿರುತ್ತದೆ. ಈ ಬರಹ ದನಿ ತಗ್ಗಿಸಿ ಕೇಳಿದವರಿಗೆ.

ದಾರಿ ಗೊತ್ತಿಲ್ಲದವರಿಗೆ ಎರಡು ಮಾತು. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಎರಡೂವರೆ ಗಂಟೆ ಹೋದರೆ ಡುಲೂತ್. ಅಲ್ಲಿಂದ ಹೈವೇ 61 ಹಿಡಿದರೆ ಕೆನಡಾ ಗಡಿವರೆಗೆ ಸುಮಾರು 240 ಕಿಲೋಮೀಟರ್. ಬಲಗಡೆ ಲೇಕ್ ಸುಪೀರಿಯರ್, ಎಡಗಡೆ ಕಾಡು. ಲೇಕ್ ಅಂದರೆ ಸಣ್ಣದಲ್ಲ. 82,100 ಚದರ ಕಿಲೋಮೀಟರ್. ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತಲೂ ಜಾಸ್ತಿ. ಆಳ ಕೆಲವು ಕಡೆ 400 ಮೀಟರ್ ದಾಟುತ್ತದೆ. ಆಚೆ ದಂಡೆ ಕಾಣುವುದಿಲ್ಲ, ಅಲೆ ಬಡಿಯುತ್ತದೆ, ಹಡಗು ಹೋಗುತ್ತದೆ. ನೀರು ಮಾತ್ರ ಸಿಹಿ. ನಮ್ಮ ಬಿಯರ್ ಕಥೆ ಶುರುವಾಗುವುದೂ ಆ ನೀರಿನಿಂದಲೇ.

ಅದಕ್ಕೂ ಮುಂಚೆ ನನ್ನದೊಂದು ನಿಯಮ ಇದೆ. ಯಾವ ಊರಲ್ಲಿ ರಾತ್ರಿ ಮಲಗುತ್ತೀರೋ ಆ ಊರಲ್ಲಿ ಕುಡಿಯಿರಿ. ಕಾರನ್ನು ಹೋಟೆಲಿನಲ್ಲಿ ಬಿಟ್ಟು ನಡೆದು ಹೋಗಿ. ‘ದಾರಿಯುದ್ದಕ್ಕೂ ಒಂದೊಂದು ಕಡೆ ಒಂದೊಂದು ಗ್ಲಾಸ್’ ಅನ್ನುವ ಯೋಜನೆ ಮ್ಯಾಪಿನಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. 61 ಬಹುಪಾಲು ಎರಡೇ ಲೇನಿನ ರಸ್ತೆ. ಸಂಜೆಯಾದರೆ ಜಿಂಕೆ ಅಡ್ಡ ಬರುತ್ತವೆ, ಲೇಕ್ ಕಡೆಯಿಂದ ಮಂಜು ಏರುತ್ತದೆ. ಇಲ್ಲಿ ರಕ್ತದಲ್ಲಿ ಆಲ್ಕೊಹಾಲಿನ ಮಿತಿ 0.08. ಕ್ರಾಫ್ಟ್ ಬಿಯರಿನ ಲೆಕ್ಕವೂ ಬೇರೆ. ಅಮೆರಿಕದವರ ‘ಒಂದು ಡ್ರಿಂಕ್’ ಅಂದರೆ 5 ಪರ್ಸೆಂಟಿನ 12 ಔನ್ಸ್ ಬಿಯರ್. ಟ್ಯಾಪ್‌ರೂಮಿನ, ಅಂದರೆ ಬ್ರೂವರಿಯೊಳಗೇ ಕೂತು ಕುಡಿಯುವ ಜಾಗದ, ಪೈಂಟ್ 16 ಔನ್ಸ್. ಅದರಲ್ಲಿ 7 ಪರ್ಸೆಂಟಿನ ಐಪಿಎ (ಕಹಿ ಜಾಸ್ತಿ ಇರುವ ಒಂದು ಬಗೆಯ ಬಿಯರ್) ಇದ್ದರೆ, ಒಂದು ಗ್ಲಾಸ್ ಕುಡಿದಿರಿ ಅಂದುಕೊಂಡಾಗ ಹತ್ತಿರ ಹತ್ತಿರ ಎರಡು ಕುಡಿದಿರುತ್ತೀರಿ.

ನಮ್ಮಲ್ಲಿ ಈ ತಲೆನೋವು ಸ್ವಲ್ಪ ಕಮ್ಮಿ. ನಮ್ಮನೆಯವರು ಕುಡಿಯುವುದಿಲ್ಲ. ಸ್ಟೇರಿಂಗ್ ಅವರ ಕೈಲಿ, ಗ್ಲಾಸ್ ನನ್ನ ಕೈಲಿ. ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ಹುಬ್ಬೇರಿಸುತ್ತಿದ್ದ ನೆಂಟರು ಈಗ ಸುಮ್ಮನಾಗಿದ್ದಾರೆ. ಹೋದ ಸಲ ಬೆಂಗಳೂರಿನಿಂದ ಮೈದುನ, ಓರಗಿತ್ತಿ ಬಂದಿದ್ದರು. ಮೈದುನ ಇಂದಿರಾನಗರದ ಬ್ರೂವರಿಗಳನ್ನೆಲ್ಲ ಅರೆದು ಕುಡಿದವನು. ಕೇಳುವುದಕ್ಕೆ ಅವನ ಹತ್ತಿರ ಪ್ರಶ್ನೆ ಇಲ್ಲದ ವಿಷಯವೇ ಇಲ್ಲ. ಈ ಬರಹದಲ್ಲಿ ಬರುವ ಅರ್ಧ ಮಾಹಿತಿ ಅವನ ಕಾಟಕ್ಕೆ ನಾನು ಹುಡುಕಿಕೊಂಡದ್ದು.

ಡುಲೂತ್‌ನಿಂದ ಶುರು. ಲಿಂಕನ್ ಪಾರ್ಕ್ ಅಂತ ಒಂದು ಏರಿಯಾ ಇದೆ. ಹಳೇ ಗೋದಾಮು, ರೈಲು ಹಳಿ, ಮೇಲೆ ಫ್ಲೈಓವರ್. ನೋಡುವುದಕ್ಕೆ ಏನೂ ಚೆಂದವಿಲ್ಲ. ಅಲ್ಲೇ ಬೆಂಟ್ ಪ್ಯಾಡಲ್ ಬ್ರೂವರಿ ಇದೆ, 2013ರಿಂದ. ಲೇಕ್ ಕಾಣುವ ಬಾಲ್ಕನಿಯೇ ಬೇಕು ಅನ್ನುವವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹೋಗಲಿ, ನಮಗೆ ಜಾಗ ಸಿಗುತ್ತದೆ.

ಇಲ್ಲಿ ಮೊದಲು ಪಿಲ್ಸ್‌ನರ್ ತಗೊಳ್ಳಿ. ಅವರ ವೆಂಚರ್ ಪಿಲ್ಸ್ ಎಳೇ ಹುಲ್ಲಿನ ಬಣ್ಣದ್ದು. ಮೂಗಿನ ಹತ್ತಿರ ಹಿಡಿದರೆ ಆಗತಾನೆ ಒಲೆಯಿಂದ ತೆಗೆದ ಬ್ರೆಡ್ಡಿನ ಸಿಪ್ಪೆಯ ವಾಸನೆ, ಅದರ ಹಿಂದೆ ತೆಳ್ಳಗೆ ಹೂವಿನದು. ನಾಲಿಗೆಗೆ ಕಹಿ ಬರುತ್ತದೆ, ಆದರೆ ಗಂಟಲಿಗೆ ಅಂಟಿ ಕೂರುವುದಿಲ್ಲ, ಬಂದ ಹಾಗೇ ಇಳಿದು ಹೋಗುತ್ತದೆ. ಮೈದುನ ಎರಡನೇ ಗುಟುಕಿಗೇ ಗ್ಲಾಸ್ ಕೆಳಗಿಟ್ಟ.

‘ಅತ್ತಿಗೆ, ಇದರಲ್ಲಿ ಏನೋ ಇಲ್ಲ.’

‘ಏನಿಲ್ಲ?’

‘ಅದೇ, ಏನಿಲ್ಲ ಅಂತ ಗೊತ್ತಾಗ್ತಿಲ್ಲ. ಆದ್ರೆ ಇಲ್ದಿರೋದೇ ಚೆನ್ನಾಗಿದೆ.’

ಇಲ್ಲದಿರುವುದು ಸುಣ್ಣದ ಅಂಶ. ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಡುಲೂತ್‌ನ ಕೊಳಾಯಿಗೆ ಬರುವುದು ಲೇಕ್ ಸುಪೀರಿಯರ್ ನೀರು. ಈ ಲೇಕಿನ ಸುತ್ತ ಇರುವುದು ನೂರು ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ, ಲಾವಾ ಹೆಪ್ಪುಗಟ್ಟಿ ಆದದ್ದು. ಸುಣ್ಣದ ಕಲ್ಲು ಕಮ್ಮಿ. ಹಾಗಾಗಿ ನೀರಿಗೆ ಕರಗಿ ಸೇರುವ ಲವಣವೂ ಕಮ್ಮಿ, ನೀರು ಮೆದು. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಕೆಟಲಿನ ತಳಕ್ಕೆ ಬಿಳಿ ಪದರ ಕಟ್ಟುತ್ತದೆ ಅಂತ ಬೆಂಗಳೂರಿನಲ್ಲಿ ಗೊಣಗುತ್ತಾರಲ್ಲ, ಅದಕ್ಕೆ ಪೂರಾ ಉಲ್ಟಾ. ಪಿಲ್ಸ್‌ನರ್ ಹುಟ್ಟಿದ ಚೆಕ್ ದೇಶದ ಪಿಲ್ಸೆನ್ ಊರಿನ ನೀರೂ ಇಂಥದ್ದೇ. ಇಂಥ ನೀರಿನಲ್ಲಿ ಹಾಪ್ಸಿನ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಕಹಿ ಮೊನಚಾಗುವುದಿಲ್ಲ, ದುಂಡಗೆ ಇರುತ್ತದೆ. ಐಪಿಎಯ ಕಹಿ ಚುರುಕಾಗಿ ಬರಬೇಕೆಂದರೆ ನೀರಿಗೆ ಜಿಪ್ಸಂ ಹಾಕಿಕೊಳ್ಳುತ್ತಾರೆ. ಹಾಕುವುದು ಸುಲಭ. ಗಡಸು ನೀರಿನಿಂದ ಲವಣ ತೆಗೆಯುವುದಕ್ಕೆ ಯಂತ್ರ ಬೇಕು, ದುಡ್ಡು ಬೇಕು. ಹಾಗಾಗಿ ಈ ದಂಡೆಯ ಬ್ರೂವರಿಯವರು ಖಾಲಿ ಸ್ಲೇಟಿನಿಂದ ಶುರು ಮಾಡಿದ ಹಾಗೆ.

ಪಿಲ್ಸ್ ಮುಗಿದ ಮೇಲೆ ಅವರದೇ ಕೋಲ್ಡ್ ಪ್ರೆಸ್ ಬ್ಲ್ಯಾಕ್. ಕಪ್ಪು ಬಿಯರಿಗೆ ಡುಲೂತ್‌ನಲ್ಲೇ ಹುರಿದ ಕಾಫಿ ಸೇರಿಸಿ ಮಾಡುತ್ತಾರೆ. ಕಾಫಿ ನಾಡಿನಿಂದ ಬಂದ ನನಗೆ ಕಾಫಿ ಹಾಕಿದ ಬಿಯರುಗಳ ಬಗ್ಗೆ ಅನುಮಾನ ಜಾಸ್ತಿ, ಮುಕ್ಕಾಲು ಪಾಲು ಸಿಹಿ ಸಿರಪ್ ಥರ ಇರುತ್ತವೆ. ಇದು ಹಾಗಿಲ್ಲ. ಡಿಕಾಕ್ಷನ್ ವಾಸನೆ ಮೊದಲು ಬರುತ್ತದೆ, ಬಿಯರ್ ಆಮೇಲೆ. ವಾಸನೆ ನೋಡಿ ನಮ್ಮನೆಯವರೂ ಮನಸ್ಸು ಬದಲಾಯಿಸುತ್ತಾರೇನೋ ಅಂದುಕೊಂಡೆ, ಇಲ್ಲ. ರೂಟ್ ಬಿಯರ್ ಸಾಕು ಅಂದರು, ಹೆಸರಿಗಷ್ಟೇ ಬಿಯರ್, ಸಿಹಿ ಸೋಡಾ ಅದು.

ಡುಲೂತ್‌ನಲ್ಲಿ ಎರಡನೇ ಜಾಗ ಫಿಟ್ಗರ್ಸ್. ಇದು ಲೇಕಿಗೆ ಮೈ ತಾಗಿಸಿ ನಿಂತಿರುವ ಹಳೇ ಕಲ್ಲು, ಇಟ್ಟಿಗೆಯ ಬ್ರೂವರಿ ಕಟ್ಟಡ. 19ನೇ ಶತಮಾನದಲ್ಲಿ ಶುರುವಾಗಿ 1972ರಲ್ಲಿ ಮುಚ್ಚಿತು. ನಡುವೆ 1920ರಿಂದ 1933ರವರೆಗೆ ದೇಶಕ್ಕೇ ಪಾನನಿಷೇಧ ಇತ್ತಲ್ಲ, ಆಗ ಸೋಡಾ, ಕ್ಯಾಂಡಿ ಮಾಡಿ ಬದುಕಿಕೊಂಡರು. ಈಗ ಅದೇ ಕಟ್ಟಡದಲ್ಲಿ ಹೋಟೆಲ್, ಅಂಗಡಿಗಳು, ಮತ್ತು 1995ರಲ್ಲಿ ಶುರುವಾದ ಫಿಟ್ಗರ್ಸ್ ಬ್ರೂಹೌಸ್. ಇದು ಅಡುಗೆಮನೆ ಇರುವ ಜಾಗ, ಊಟ ಸಿಗುತ್ತದೆ. ಮೇಲೆಯೇ ರೂಮು, ಕೆಳಗೆ ಬಿಯರ್, ಹಿಂದೆ ಲೇಕ್. ನನ್ನ ನಿಯಮಕ್ಕೆ ಇದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಬಿಯರ್ ಮಾತ್ರ ನೋಡಿದರೆ ನನ್ನ ಓಟು ಬೆಂಟ್ ಪ್ಯಾಡಲ್‌ಗೇ.

ಫಿಟ್ಗರ್ಸ್ ಹಿಂದಿನ ಲೇಕ್‌ವಾಕ್ ಹಿಡಿದು ನಡೆದರೆ ಕೆನಾಲ್ ಪಾರ್ಕ್. ಅಲ್ಲಿ ಕೆನಾಲ್ ಪಾರ್ಕ್ ಬ್ರೂಯಿಂಗ್ ಇದೆ, ಹೂಪ್ಸ್ ಇದೆ. ಹೂಪ್ಸ್ 2017ರದ್ದು, ಅದನ್ನು ತೆರೆದ ಡೇವ್ ಹೂಪ್ಸ್ ಅದಕ್ಕೂ ಮುಂಚೆ ಫಿಟ್ಗರ್ಸ್‌ನಲ್ಲೇ ಬ್ರೂಮಾಸ್ಟರ್ ಆಗಿದ್ದವರು. ಉದ್ದುದ್ದ ಮೇಜು, ಗಲಾಟೆ, ಮಕ್ಕಳು, ನಾಯಿ. ಶನಿವಾರ ಸಂಜೆ ಹೋದರೆ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ಇಲ್ಲಿ ಬಿಯರಿಗಿಂತ ದೊಡ್ಡ ಆಕರ್ಷಣೆ ಏರಿಯಲ್ ಲಿಫ್ಟ್ ಬ್ರಿಡ್ಜ್. 1905ರ ಸೇತುವೆ. 1930ರ ಹೊತ್ತಿಗೆ ನಡುವಿನ ಭಾಗ ಇಡಿಯಾಗಿ ಮೇಲೇಳುವ ಹಾಗೆ ಬದಲಾಯಿಸಿದರು. ಹಡಗು ಬರುವ ಹೊತ್ತನ್ನು ಪಕ್ಕದ ಮ್ಯಾರಿಟೈಮ್ ಸೆಂಟರಿನಲ್ಲಿ ಹಾಕಿರುತ್ತಾರೆ, ಒಳಗೆ ಹೋಗುವುದಕ್ಕೆ ಕಾಸಿಲ್ಲ.

ನಾವು ಗ್ಲಾಸ್ ಅರ್ಧಕ್ಕೆ ತಂದಿದ್ದಾಗ ಹಾರ್ನ್ ಕೇಳಿತು. ಒಳಗಿದ್ದವರಲ್ಲಿ ಊರಿನವರು ಕೂತಲ್ಲೇ ಇದ್ದರು, ನಮ್ಮಂಥವರು ಎದ್ದು ಓಡಿದೆವು. ಸಾವಿರ ಅಡಿ ಉದ್ದದ ಹಡಗು. ಅಂದರೆ ಮುನ್ನೂರು ಮೀಟರ್. ಕಾಲುವೆ ಎಷ್ಟು ಕಿರಿದೆಂದರೆ ಹಡಗಿನ ಗೋಡೆಯ ಮೇಲಿನ ತುಕ್ಕು, ಬೆಸುಗೆಯ ಗೆರೆ ಎಲ್ಲ ಕಾಣುತ್ತದೆ. ಮೇಲೆ ನಿಂತಿದ್ದ ಒಬ್ಬ ಕೈ ಬೀಸಿದ. ಓರಗಿತ್ತಿ ಎರಡೂ ಕೈ ಬೀಸಿದಳು. ‘ಇದರೊಳಗೆ ಏನಿರತ್ತಕ್ಕಾ?’ ಅಂತ ಕೇಳಿದಳು. ಹೆಚ್ಚಿನವಕ್ಕೆ ಇಲ್ಲಿ ತುಂಬುವುದು ಕಬ್ಬಿಣದ ಅದಿರು. ಈ ದಂಡೆಯ ಹೊಟ್ಟೆಪಾಡು ಅದೇ. ಆ ಮಾತು ಮುಂದೆ ಬರುತ್ತದೆ.

ಮಾರನೇ ಬೆಳಿಗ್ಗೆ ಡುಲೂತ್ ಬಿಡುವಾಗ ಎಕ್ಸ್‌ಪ್ರೆಸ್‌ವೇ ಹಿಡಿಯಬೇಡಿ. ಲೇಕ್ ಪಕ್ಕದ ಹಳೇ 61 ಹಿಡಿಯಿರಿ. ನೈಫ್ ರಿವರ್ ಅನ್ನುವ ಸಣ್ಣ ಊರಿನಲ್ಲಿ ರಸ್ ಕೆಂಡಾಲ್ಸ್ ಸ್ಮೋಕ್ ಹೌಸ್ ಸಿಗುತ್ತದೆ. ಹೊಗೆಯಲ್ಲಿ ಬೇಯಿಸಿದ ಮೀನು. ಕಂದು ಸಕ್ಕರೆ ಹಚ್ಚಿದ ಟ್ರೌಟ್ ತಗೊಳ್ಳಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಒಂದೆರಡು ತುಂಡು ಅಲ್ಲೇ ಕೈಯಲ್ಲಿ ಬಿಡಿಸಿಕೊಂಡು ತಿನ್ನಿ, ಉಳಿದದ್ದನ್ನು ಜೋಪಾನವಾಗಿ ಎತ್ತಿಡಿ. ಇಲ್ಲಿನ ಎಷ್ಟೋ ಟ್ಯಾಪ್‌ರೂಮುಗಳಲ್ಲಿ ಅಡುಗೆಮನೆ ಇರುವುದಿಲ್ಲ, ಹೊರಗಿನ ತಿಂಡಿ ತಂದುಕೊಂಡರೆ ಏನೂ ಅನ್ನುವುದಿಲ್ಲ. ಸಸ್ಯಾಹಾರಿಗಳಿಗೆ ನನ್ನ ಸಲಹೆ ಒಗ್ಗರಣೆ ಅವಲಕ್ಕಿ. ಡಬ್ಬಿಯಲ್ಲಿ ಮೆದುವಾಗದೆ ಉಳಿಯುತ್ತದೆ, ಬಿಯರಿಗೆ ಕಡಲೆಬೀಜ ಹೇಗಿದ್ದರೂ ಬೇಕು.

ಡುಲೂತ್‌ನಿಂದ ಅರ್ಧ ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಟೂ ಹಾರ್ಬರ್ಸ್. ಮಿನೆಸೋಟಾದ ಕಬ್ಬಿಣದ ಅದಿರು ಮೊದಲ ಸಲ ಹಡಗು ಹತ್ತಿದ್ದು ಇಲ್ಲಿಂದ, 1884ರಲ್ಲಿ. ಅದಿರು ಸುರಿಯುವ ದೈತ್ಯ ಕಟ್ಟೆಗಳು ಇವತ್ತೂ ಕೆಲಸ ಮಾಡುತ್ತವೆ. ಅವುಗಳಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಕ್ಯಾಸಲ್ ಡೇಂಜರ್ ಬ್ರೂವರಿ. 2011ರಲ್ಲಿ ಇನ್ನೂ ಸ್ವಲ್ಪ ಉತ್ತರಕ್ಕಿರುವ ಕ್ಯಾಸಲ್ ಡೇಂಜರ್ ಅನ್ನುವ ಹಳ್ಳಿಯಲ್ಲಿ ಚಿಕ್ಕದಾಗಿ ಶುರುವಾಯಿತು, 2014ರಲ್ಲಿ ಇಲ್ಲಿಗೆ ಬಂತು.

ಇವರ ಕ್ರೀಮ್ ಏಲ್ ಈ ರಾಜ್ಯದಲ್ಲಿ ಎಲ್ಲರಿಗೂ ಗೊತ್ತು. ಹಾಲು, ಕೆನೆ ಏನೂ ಇಲ್ಲ ಅದರಲ್ಲಿ. ಬೆಚ್ಚಗೆ ಹುದುಗಿಸಿದ್ದು ಏಲ್, ತಣ್ಣಗೆ ಹುದುಗಿಸಿದ್ದು ಲಾಗರ್. ಇದು ಏಲ್ ಮಾಡುವ ಈಸ್ಟನ್ನೇ ಸ್ವಲ್ಪ ತಣ್ಣಗಿಟ್ಟು ಹುದುಗಿಸುವ ಹಳೇ ಅಮೆರಿಕನ್ ಪದ್ಧತಿ. ಲಾಗರ್ ಥರ ನುಣುಪು, ಏಲ್ ಥರ ಮೈ. ಬಿಯರ್ ಅಂದರೆ ಕಹಿ ಅಂತ ಮುಖ ಸಿಂಡರಿಸುವವರಿಗೆ ಕೊಡಬೇಕಾದ್ದು ಇದನ್ನೇ. ಓರಗಿತ್ತಿ ‘ಒಂದು ಸಿಪ್ ಅಷ್ಟೇ’ ಅಂತ ಶುರು ಮಾಡಿದ್ದು ಪೂರ್ತಿ ಗ್ಲಾಸಾಯಿತು. ಮೈದುನ ಜಾರ್ಜ್ ಹಂಟರ್ ಸ್ಟೌಟ್ ಅನ್ನುವ ಗಾಢ ಕಪ್ಪು ಬಿಯರ್ ತಗೊಂಡ. ನನಗೆ ಅದು ಮಧ್ಯಾಹ್ನದ ಬಿಯರ್ ಅಲ್ಲ.

ಮೈದುನನಿಗೆ ಇಲ್ಲೊಂದು ಸಂದೇಹ ಬಂತು. ಗೋಡೆಗೆ ಜೋಡಿಸಿಟ್ಟ ದೊಡ್ಡ ಗಾಜಿನ ಬಾಟಲಿ ತೋರಿಸಿ, ‘ಇದ್ರಲ್ಲಿ ತುಂಬಿಸ್ಕೊಂಡು ಹೋಗ್ಬೋದಾ?’ ಅಂದ. ಅದು ಗ್ರೌಲರ್, 64 ಔನ್ಸ್, ಎರಡು ಲೀಟರಿಗೆ ಸ್ವಲ್ಪ ಕಮ್ಮಿ. ಅದಕ್ಕೊಂದು ದೊಡ್ಡ ಕಥೆ ಇದೆ. ಮಿನೆಸೋಟಾದಲ್ಲಿ 2011ರವರೆಗೆ ಬ್ರೂವರಿಯೊಳಗೆ ಕೂತು ಅವರದೇ ಬಿಯರಿನ ಪೈಂಟ್ ಕುಡಿಯುವ ಹಾಗೇ ಇರಲಿಲ್ಲ. ಮಿನಿಯಾಪೊಲಿಸ್ ಕಡೆಯ ಸರ್ಲಿ ಬ್ರೂವರಿ ಹಟ ಹಿಡಿದು ಕಾನೂನು ಬದಲಾಯಿಸಿತು. ಟ್ಯಾಪ್‌ರೂಮುಗಳು ಹುಟ್ಟಿದ್ದೇ ಆಮೇಲೆ. ಆದರೆ ಗ್ರೌಲರ್ ಮಾರುವುದಕ್ಕೆ ಇನ್ನೊಂದು ಗೆರೆ ಇತ್ತು. ವರ್ಷಕ್ಕೆ 20,000 ಬ್ಯಾರೆಲ್ ದಾಟಿದ ಬ್ರೂವರಿ ಗ್ರೌಲರ್ ಮಾರುವಂತಿಲ್ಲ. ಕ್ಯಾಸಲ್ ಡೇಂಜರ್ ಬೆಳೆಯುತ್ತಾ ಬೆಳೆಯುತ್ತಾ ಆ ಗೆರೆ ಮುಟ್ಟಿತು. 2019ರ ಅಕ್ಟೋಬರಿನಲ್ಲಿ ಗ್ರೌಲರ್ ನಿಲ್ಲಿಸಬೇಕಾಯಿತು. ಚೆನ್ನಾಗಿ ವ್ಯಾಪಾರ ಮಾಡಿದ್ದಕ್ಕೆ ಶಿಕ್ಷೆ! ಊರಿಗೆ ಬಂದವರು ಒಂದು ಬಾಟಲಿ ತುಂಬಿಸಿಕೊಂಡು ಹೋಗೋಣ ಅಂದರೆ ಇಲ್ಲ. 2022ರಲ್ಲಿ ಶಾಸನಸಭೆ ಕಾನೂನು ಸಡಿಲಿಸಿದ ಮೇಲೆ ಮತ್ತೆ ಶುರುವಾಯಿತು.

ಮೈದುನ ಪೂರ್ತಿ ಕೇಳಿ, ‘ಅಬಕಾರಿ ಕಾನೂನು ಅಂದ್ರೆ ಎಲ್ಲಾ ಕಡೆ ಹೀಗೇನಾ ಅತ್ತಿಗೆ?’ ಅಂದ. ಭಾನುವಾರ ಇಲ್ಲಿನ ಮದ್ಯದಂಗಡಿ ತೆರೆಯುವುದಕ್ಕೆ ಅನುಮತಿ ಸಿಕ್ಕಿದ್ದೇ 2017ರಲ್ಲಿ ಅಂದೆ. ಅವನಿಗೆ ಒಂಥರಾ ಸಮಾಧಾನವಾಯಿತು.

ಇಲ್ಲಿಂದ ಮುಂದೆ ಬ್ರೂವರಿ ಬಿಟ್ಟು ಲೇಕ್ ನೋಡುವ ಹೊತ್ತು. ಗೂಸ್‌ಬೆರಿ ಫಾಲ್ಸ್, ಸ್ಪ್ಲಿಟ್ ರಾಕ್ ಲೈಟ್‌ಹೌಸ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಒಂದೇ ವಿಷಯ. 1905ರ ನವೆಂಬರಿನ ಬಿರುಗಾಳಿಯಲ್ಲಿ ಹಡಗುಗಳು ಒಡೆದ ಮೇಲೆ ಕಟ್ಟಿದ ದೀಪ ಇದು, ಬೆಳಗಿದ್ದು 1910ರಲ್ಲಿ. ಈಗ ಪ್ರತಿ ವರ್ಷ ನವೆಂಬರ್ 10ರ ಸಂಜೆ ಹಚ್ಚುತ್ತಾರೆ. 1975ರಲ್ಲಿ ಅದೇ ದಿನ ಎಡ್ಮಂಡ್ ಫಿಟ್ಸ್‌ಜೆರಾಲ್ಡ್ ಅನ್ನುವ ಅದಿರು ಹಡಗು ಈ ಲೇಕಿನಲ್ಲಿ ಮುಳುಗಿ 29 ಜನ ಹೋದರು. ಕ್ಲೀವ್‌ಲ್ಯಾಂಡ್‌ನ ಒಂದು ಬ್ರೂವರಿ ಆ ಹಡಗಿನ ಹೆಸರಿನಲ್ಲೇ ಪೋರ್ಟರ್ ಅನ್ನುವ ಕಪ್ಪು ಬಿಯರ್ ಮಾಡುತ್ತದೆ. ಒಳ್ಳೇ ಪೋರ್ಟರ್ ಅದು, ಬಹುಮಾನಗಳೂ ಬಂದಿವೆ. ಮನೆಯಲ್ಲಿ ಕುಡಿದಿದ್ದೇನೆ. ಈ ದಂಡೆಯಲ್ಲಿ ಕೂತು ಮಾತ್ರ ಯಾಕೋ ಬೇಡ ಅನ್ನಿಸುತ್ತದೆ.

ಸಿಲ್ವರ್ ಬೇಯಲ್ಲಿ ಕಾಣಿಸುವುದು ಬೇರೆ ಕಥೆ. ಬೇಸಿಗೆಯ ಪ್ರವಾಸಿಗಳು ಪೆಟ್ರೋಲ್ ಹಾಕಿಸಿ ಹೋಗಿಬಿಡುವ ಊರು. 1950ರ ದಶಕದಲ್ಲಿ ರಿಸರ್ವ್ ಮೈನಿಂಗ್ ಅನ್ನುವ ಕಂಪನಿ ತನ್ನ ಅದಿರು ಕಾರ್ಖಾನೆಗಾಗಿ ಕಟ್ಟಿದ್ದು. ಟ್ಯಾಕೊನೈಟ್ ಅನ್ನುವ ಬಡ ಅದಿರನ್ನು ಪುಡಿ ಮಾಡಿ, ಕಬ್ಬಿಣ ಬೇರ್ಪಡಿಸಿ, ಉಳಿದ ಪುಡಿಯನ್ನು ನೇರ ಲೇಕಿಗೆ ಬಿಡುತ್ತಿದ್ದರು. ದಿನಕ್ಕೆ ಹತ್ತಾರು ಸಾವಿರ ಟನ್. 1973ರಲ್ಲಿ ಡುಲೂತ್‌ನ ಕುಡಿಯುವ ನೀರಿನಲ್ಲಿ ಕಲ್ನಾರಿನಂಥ ಎಳೆಗಳು ಸಿಕ್ಕವು. ದೊಡ್ಡ ಕೇಸಾಯಿತು. ಡುಲೂತ್ ನಗರ ನೀರು ಸೋಸುವ ಘಟಕ ಕಟ್ಟಿಕೊಂಡಿತು. 1980ರಲ್ಲಿ ಲೇಕಿಗೆ ಸುರಿಯುವುದು ನಿಂತಿತು, ಆಮೇಲಿಂದ ಪುಡಿ ಹೋಗುವುದು ಒಳನಾಡಿನ ಹೊಂಡಕ್ಕೆ.

ಇದಕ್ಕೂ ಬಿಯರಿಗೂ ಏನು ಸಂಬಂಧ ಅಂದರೆ, ನೀರು. ಕಾಡಿನೊಳಗೆ ತಾಮ್ರ, ನಿಕ್ಕಲ್ ಗಣಿ ತೆರೆಯುವ ಮಾತು ಬಂದಾಗ ಕೆಳಗಿನ ನೀರು ಕೆಡುತ್ತದೆ ಅಂತ ವಿರೋಧಿಸಿದ ವ್ಯಾಪಾರಸ್ಥರ ಗುಂಪಿನಲ್ಲಿ ಬೆಂಟ್ ಪ್ಯಾಡಲ್ ಕೂಡ ಇತ್ತು. ಸಿಲ್ವರ್ ಬೇಯಲ್ಲಿ ಮದ್ಯದಂಗಡಿ ಊರಿನದ್ದೇ, ಪುರಸಭೆ ನಡೆಸುತ್ತದೆ. ಮಿನೆಸೋಟಾದ ಸಣ್ಣ ಊರುಗಳಲ್ಲಿ ಇದು ಸಾಮಾನ್ಯ, ನಮ್ಮ ಎಂಎಸ್‌ಐಎಲ್ ಅಂಗಡಿ ನೋಡಿದವರಿಗೆ ವಿಚಿತ್ರ ಅನ್ನಿಸಲಾರದು. 2017ರಲ್ಲಿ ಅಲ್ಲಿನ ಕೌನ್ಸಿಲ್, ತಮ್ಮ ಅಂಗಡಿಯಲ್ಲಿ ಬೆಂಟ್ ಪ್ಯಾಡಲ್ ಬಿಯರ್ ಮಾರುವುದು ಬೇಡ ಅಂತ ತೀರ್ಮಾನ ಮಾಡಿತು. ಗಣಿಯಿಂದ ಅನ್ನ ಉಣ್ಣುವ ಊರು, ಗಣಿ ಬೇಡ ಅನ್ನುವವರ ಬಿಯರ್ ಯಾಕೆ ಮಾರಬೇಕು?

ನನ್ನ ಒಲವು ನೀರಿನ ಕಡೆಗೇ. ಆದರೆ ಸಿಲ್ವರ್ ಬೇಯವರನ್ನು ಬೈಯುವ ಮನಸ್ಸೂ ಬರುವುದಿಲ್ಲ. ಬಿಯರ್ ಬೇಯಿಸುವ ಹೊಳೆಯುವ ಟ್ಯಾಂಕುಗಳಿವೆಯಲ್ಲ, ಆ ಸ್ಟೀಲಿಗೂ ನಿಕ್ಕಲ್ ಬೇಕು, ಕಬ್ಬಿಣ ಬೇಕು. ಎಲ್ಲಿಂದಲೋ ಅಗೆದು ತಂದದ್ದೇ. ಮೈದುನ, ನಮ್ಮನೆಯವರು ಈ ವಿಷಯಕ್ಕೆ ಕಾರಿನಲ್ಲಿ ಜಗಳ ಆಡಿದ್ದು ಪ್ಯಾಲಿಸೇಡ್ ಹೆಡ್‌ವರೆಗೆ ನಡೆಯಿತು. ಅದು ಊರು ದಾಟಿದ ಕೂಡಲೇ ಸಿಗುವ ಎತ್ತರದ ಬಂಡೆ, ಕಾರು ಮೇಲಿನವರೆಗೂ ಹೋಗುತ್ತದೆ. ಅಂಚಿಗೆ ಬೇಲಿ ಇಲ್ಲ. ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಿ. ಅಲ್ಲಿ ಇಬ್ಬರೂ ಬಾಯಿ ಮುಚ್ಚಿದರು. ಗಾಳಿಗೆ ಮಾತಾಡಿದರೂ ಕೇಳಿಸುತ್ತಿರಲಿಲ್ಲ.

ಎರಡನೇ ರಾತ್ರಿಗೆ ಗ್ರ್ಯಾಂಡ್ ಮರೇ. ಡುಲೂತ್‌ನಿಂದ ಸುಮಾರು 175 ಕಿಲೋಮೀಟರ್. ಸಾವಿರದ ಮುನ್ನೂರು ಚಿಲ್ಲರೆ ಜನರ ಊರು. ಬಂದರು, ಪುಟ್ಟ ಲೈಟ್‌ಹೌಸ್, ಆರ್ಟಿಸ್ಟ್ಸ್ ಪಾಯಿಂಟ್ ಅನ್ನುವ ಬಂಡೆಗಳು, ಎಲ್ಲ ಕಾಲ್ನಡಿಗೆಯಲ್ಲೇ. ವಯಾಜರ್ ಬ್ರೂಯಿಂಗ್ 2015ರಿಂದ ಇಲ್ಲಿದೆ. ಲೇಕ್ ಕಾಣುವ ಬಾಲ್ಕನಿ ಬೇಕು ಅಂತ ಹಟ ಹಿಡಿದವರು ಇಲ್ಲಿವರೆಗೆ ತಡೆದುಕೊಳ್ಳಿ. ಮೇಲ್ಛಾವಣಿಯ ಮೇಲೆ ಕೂತರೆ ಎದುರಿಗೆ ಬಂದರು, ಅದರಾಚೆ ಲೇಕ್.

ಜುಲೈ ತಿಂಗಳೇ ಆದರೂ ಸ್ವೆಟರ್ ತಗೊಂಡು ಹೋಗಿ. ಇಲ್ಲಿನ ಹವಾಮಾನ ವರದಿಯಲ್ಲಿ ‘ಲೇಕ್ ಹತ್ತಿರ ತಂಪು’ ಅಂತ ಸೇರಿಸಿಯೇ ಹೇಳುತ್ತಾರೆ. ಒಳಗೆ ಒಂದೆರಡು ಕಿಲೋಮೀಟರ್ ದೂರದಲ್ಲಿ ಬೆವರು, ಇಲ್ಲಿ ನಡುಕ. ನಾವು ಹೋದ ಸಂಜೆ ಗ್ಲಾಸಿನ ಕೆಳಗಿನ ರಟ್ಟಿನ ಬಿಲ್ಲೆಗಳು ಗಾಳಿಗೆ ಹಾರಿ ಪಕ್ಕದ ಮೇಜಿಗೆ ಹೋಗುತ್ತಿದ್ದವು, ಅವರು ತಂದುಕೊಡುತ್ತಿದ್ದರು, ಮತ್ತೆ ಹಾರುತ್ತಿದ್ದವು. ಕೊನೆಗೆ ಅವರೇ ನಮ್ಮ ಮೇಜಿಗೆ ಬಂದು ಕೂತರು. ನಿವೃತ್ತ ಗಂಡ ಹೆಂಡತಿ, ಚಳಿಗಾಲವೂ ಇಲ್ಲೇ ಇರುತ್ತಾರಂತೆ. ನಮ್ಮ ಅವಲಕ್ಕಿ ಡಬ್ಬಿ ಅವರ ಕಡೆಗೆ ತಳ್ಳಿದೆ. ಆಕೆ ಕರಿಬೇವಿನ ಎಲೆ ಎತ್ತಿ ಹಿಡಿದು, ತಿನ್ನುವುದೋ ಎತ್ತಿಡುವುದೋ ಅಂತ ಕೇಳಿದರು. ನಮ್ಮಲ್ಲೇ ಎರಡು ಪಕ್ಷ ಇದೆ ಅಂದೆ.

ಇಲ್ಲಿ ಫ್ಲೈಟ್ ತಗೊಳ್ಳುವುದು ಜಾಣತನ. ಮರದ ಹಲಗೆಯ ಮೇಲೆ ನಾಲ್ಕೈದು ಪುಟ್ಟ ಗ್ಲಾಸು. ಎಡದಿಂದ ಬಲಕ್ಕೆ, ತೆಳು ಬಣ್ಣದ್ದರಿಂದ ಗಾಢದ್ದರ ಕಡೆಗೆ ಕುಡಿಯಿರಿ, ಉಲ್ಟಾ ಹೋದರೆ ಕೊನೆಯದು ನೀರಿನ ಹಾಗಿರುತ್ತದೆ. ಇವರ ಬೌಂಡರಿ ವಾಟರ್ಸ್ ಬ್ರೂನೆಟ್ ನನಗಿಷ್ಟ. ಕಂದು ಬಣ್ಣ, ಹುರಿದ ಬಾದಾಮಿಯ ವಾಸನೆ, ಭಾರವಿಲ್ಲ. ಎತ್ತಿಟ್ಟಿದ್ದ ಟ್ರೌಟ್ ಇದರ ಜೊತೆ ತಿನ್ನಿ. ಮೀನಿನ ಹೊಗೆ, ಸಕ್ಕರೆ ಎರಡಕ್ಕೂ ಈ ಬಿಯರ್ ಹೊಂದುತ್ತದೆ. ಡೆವಿಲ್ಸ್ ಕೆಟಲ್ ಐಪಿಎ ಮೈದುನನ ಪಾಲಾಯಿತು. ಆ ಹೆಸರಿನ ಜಲಪಾತ ಇಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಮುಂದಿದೆ. ಬ್ರೂಲ್ ನದಿ ಬಂಡೆಯೊಂದಕ್ಕೆ ಬಡಿದು ಎರಡಾಗುತ್ತದೆ. ಒಂದು ಪಾಲು ಕೆಳಗೆ ಬೀಳುತ್ತದೆ, ಇನ್ನೊಂದು ಪಾಲು ಗುಂಡಿಯೊಳಗೆ ಹೋಗಿ ಮಾಯ! ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಎಷ್ಟೋ ವರ್ಷ ಜನ ತಲೆ ಕೆಡಿಸಿಕೊಂಡಿದ್ದರು. ಚೆಂಡು ಹಾಕಿದರು, ಬಣ್ಣ ಹಾಕಿದರು ಅಂತೆಲ್ಲ ಕಥೆ. ಕೊನೆಗೆ ರಾಜ್ಯದ ಜಲತಜ್ಞರು ಮಾಡಿದ್ದು ಸುಲಭದ ಕೆಲಸ. ಜಲಪಾತದ ಮೇಲೆ ನದಿಯ ಹರಿವು ಅಳೆದರು, ಸೆಕೆಂಡಿಗೆ 123 ಘನ ಅಡಿ. ಕೆಳಗೆ ಅಳೆದರು, 121. ಅಷ್ಟು ವ್ಯತ್ಯಾಸ ಅಳತೆಯಲ್ಲಿ ಬರುವುದೇ. ಗುಂಡಿಗೆ ಬಿದ್ದದ್ದು ಸ್ವಲ್ಪ ಕೆಳಗೆ ಅದೇ ನದಿಗೆ ಸೇರುತ್ತದೆ.

ಐಪಿಎ ಕುಡಿದ ಮಾರನೇ ಬೆಳಿಗ್ಗೆ ಅಲ್ಲಿಗೆ ಹೋಗುವುದಾದರೆ ಒಂದು ಎಚ್ಚರಿಕೆ. ಹೋಗುವಾಗ ಮರದ ಮೆಟ್ಟಿಲು ಇಳಿಯುತ್ತೀರಿ, ಖುಷಿಯಾಗುತ್ತದೆ. ಅವನ್ನೇ ವಾಪಸ್ ಹತ್ತಬೇಕು. ಮೈದುನನ ಮುಖ ನೋಡಬೇಕಿತ್ತು.

ವಯಾಜರ್‌ನಿಂದ ನಡೆದು ಹೋಗಬಹುದಾದ ಇನ್ನೊಂದು ಜಾಗ ಗನ್‌ಫ್ಲಿಂಟ್ ಟ್ಯಾವರ್ನ್. ಇಲ್ಲೂ ತಾವೇ ಬಿಯರ್ ಮಾಡುತ್ತಾರೆ, ಊಟವಿದೆ, ಎಷ್ಟೋ ರಾತ್ರಿ ಹಾಡುಗಾರರು ಬರುತ್ತಾರೆ. ಕತ್ತಲು, ಮರ, ಗದ್ದಲ. ಊರಿನವರ ಜೊತೆ ಭುಜ ತಾಗಿಸಿ ನಿಲ್ಲಬೇಕು. ಬರೀ ಬಿಯರ್ ತೂಗಿ ನೋಡಿದರೆ ವಯಾಜರ್ ಒಂದು ಕೈ ಮೇಲು. ಸಂಜೆ ಕಳೆಯುವುದಕ್ಕೆ ಎಲ್ಲಿಗೆ ಅಂದರೆ ನಾನು ಗನ್‌ಫ್ಲಿಂಟ್ ಅಂತೀನಿ, ಯೋಚನೆ ಮಾಡದೆ.

ಹೊಸಬರಿಗೆ ಕೆಲವು ಸಣ್ಣ ಮಾತು. ಊರಿನಿಂದ ಬಂದ ನೆಂಟರಿಗೆ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ತಲೆ ನರೆತಿದ್ದರೂ 21 ದಾಟಿದ್ದಕ್ಕೆ ಸಾಕ್ಷಿ ಕೇಳುತ್ತಾರೆ, ಫೋನಿನಲ್ಲಿರುವ ಆಧಾರ್ ತೋರಿಸಿ ಜಗಳ ಆಡಬೇಡಿ. ಟಿಪ್ಸ್ ಕೊಡಿ. ಬೇಡದ ಬಿಯರ್ ಬಂತೆಂದರೆ ಅರ್ಧಕ್ಕೆ ಬಿಡುವುದರಲ್ಲಿ ತಪ್ಪಿಲ್ಲ, ಕೌಂಟರಿನಲ್ಲಿ ಮೊದಲೇ ಕೇಳಿದರೆ ಒಂದು ಗುಟುಕು ರುಚಿ ನೋಡಲು ಕೊಡುತ್ತಾರೆ. ಸೀಲ್ ಒಡೆದ ಬಾಟಲಿ ಕಾರಿನಲ್ಲಿ ಕೂರುವ ಜಾಗದಲ್ಲಿ ಇರುವಂತಿಲ್ಲ, ಡಿಕ್ಕಿಗೆ ಹಾಕಿ. ಗ್ರೌಲರ್ ತುಂಬಿಸಿದರೆ ಕೆಲವೇ ದಿನದಲ್ಲಿ ಮುಗಿಸಬೇಕು, ಮುಚ್ಚಳ ತೆಗೆದರೆ ಮಾರನೇ ದಿನಕ್ಕೆ ಸಪ್ಪೆ. ಮನೆಗೆ ಒಯ್ಯುವುದಕ್ಕೆ ಕ್ಯಾನೇ ವಾಸಿ. ಚಳಿಗಾಲದಲ್ಲಿ ಎಷ್ಟೋ ಕಡೆ ಬೇಗ ಮುಚ್ಚುತ್ತಾರೆ, ವಾರದ ನಡುವೆ ತೆರೆಯುವುದೇ ಇಲ್ಲ. ಫೋನ್ ಮಾಡಿ ಹೋಗಿ. ಸೆಪ್ಟೆಂಬರ್ ಕೊನೆಗೆ ಗುಡ್ಡದ ಮೇಲಿನ ಮೇಪಲ್ ಕೆಂಪಾಗುತ್ತವೆ, ಆಗ ರೂಮು ಸಿಗುವುದು ಕಷ್ಟ. ಜೂನ್‌ನಲ್ಲಿ ಹೋಗುವವರು ಸೊಳ್ಳೆ ಬಗ್ಗೆ ಆಮೇಲೆ ನನ್ನನ್ನು ಬೈಯಬೇಡಿ.

ಗ್ರ್ಯಾಂಡ್ ಮರೇಯಿಂದ ಇನ್ನೂ ಮುಂದೆ ಹೋದರೆ ಗ್ರ್ಯಾಂಡ್ ಪೋರ್ಟೇಜ್, ಒಜಿಬ್ವೆ ಅನ್ನುವ ಮೂಲನಿವಾಸಿ ಜನರ ನೆಲ. ಪಿಜನ್ ನದಿಯ ಹೈ ಫಾಲ್ಸ್ ಅಲ್ಲಿದೆ, 120 ಅಡಿ, ನೀರಿನ ಒಂದು ಬದಿ ಅಮೆರಿಕ, ಇನ್ನೊಂದು ಬದಿ ಕೆನಡಾ. ಗಡಿ ದಾಟಿದರೆ ಥಂಡರ್ ಬೇ, ಅಲ್ಲಿ ಸ್ಲೀಪಿಂಗ್ ಜಾಯಂಟ್ ಅಂತ ಬ್ರೂವರಿ ಇದೆ. ಗ್ರೀನ್ ಕಾರ್ಡ್ ಇರುವವರು ವೀಸಾ ಇಲ್ಲದೆ ಹೋಗಿ ಬರಬಹುದು. ನಮ್ಮ ಹಾಗೆ ಬರೀ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕೆಲಸದ ವೀಸಾ ಮೇಲೆ ಇರುವವರಿಗೆ ಕೆನಡಾ ವೀಸಾ ಬೇಕೇ ಬೇಕು. ಮೈದುನ ಜಲಪಾತದ ಕಟಕಟೆಗೆ ಒರಗಿ ಆಚೆ ದಡದ ಮರಗಳನ್ನೇ ನೋಡುತ್ತಾ, ‘ಆ ಕಡೆ ಬಿಯರ್ ಇನ್ನೂ ಚೆನ್ನಾಗಿರತ್ತೆ ಅನ್ಸತ್ತೆ ಅತ್ತಿಗೆ’ ಅಂದ. ನೀರು ಅದೇ ಕಣೋ ಅಂದೆ. ಥಂಡರ್ ಬೇ ಬಗ್ಗೆ ಯಾರಾದರೂ ಹೋಗಿ ಬಂದವರಿದ್ದರೆ ತಿಳಿಸಿ, ಮುಂದಿನ ಬೇಸಿಗೆಗೆ ವೀಸಾ ಅರ್ಜಿ ಹಾಕುವುದೋ ಬೇಡವೋ ಅಂತ ಅದರ ಮೇಲೆ ನೋಡುತ್ತೇವೆ.